ಸರಿ ಹಿಟ್ಟು ಗೋಂದಾದಾಗ: ಎಂಜೈಮ್ ಮಡಿಕೆ ಏನು ಮಾಡುತ್ತೆ ಅಂತ ಅಡುಗೆಮನೇಲೇ ನೋಡೋದು ಹೇಗೆ

ಹೋದ ವರ್ಷ ಮಳೆಗಾಲದಲ್ಲಿ ಅಕ್ಕನ ಮಗೂಗೆ ಆರು ತಿಂಗಳು ತುಂಬ್ತು, ಅಮ್ಮಂಗೆ ಮಂಡಿನೋವು, ಹಂಗಾಗಿ ರಾಗಿ ಸರಿ ಹಿಟ್ಟು ಮಾಡೋ ಕೆಲಸ ನನ್ನ ತಲೆಗೆ ಬಂತು. ರಾಗಿ ನೆನೆಸಿದೆ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿದೆ, ಅಲ್ಲೀವರೆಗೂ ಎಲ್ಲಾ ಚೆನ್ನಾಗೇ ಇತ್ತು. ಆಮೇಲೆ ನೋಡಿ, ಮೂರು ದಿನ ಶಿಡ್ಲಘಟ್ಟದಲ್ಲಿ ಬಿಸಿಲು ಅನ್ನೋದೇ ಇಲ್ಲ, ಮೊಳಕೆ ಬೂಷ್ಟು ಹಿಡಿಯುತ್ತೇನೋ ಅನ್ನೋ ಭಯಕ್ಕೆ ಹಸಿ ಹಸಿಯಾಗೇ ಬಾಣಲೆಗೆ ಸುರಿದು ಘಮ್ ಅನ್ನೋವರೆಗೂ ಹುರಿದ್ಬಿಟ್ಟೆ. ವಾಸನೆ ಅಂದ್ರೆ ವಾಸನೆ, ಬೀದಿಗೆಲ್ಲಾ ಹೋಯ್ತು. ಆದ್ರೆ ಕಾಯಿಸಿದ್ರೆ ಸರಿ ಅಲ್ಲ ಅದು, ಗೋಂದು. ಚಮಚ ನಿಲ್ಲಿಸಿದ್ರೆ ನಿಂತ್ಕೊಳ್ತಿತ್ತು. ಅಮ್ಮ ಬಂದು ನೋಡಿ, "ಬಯೋಕೆಮಿಸ್ಟ್ರಿ ಎಂ.ಎಸ್ಸಿ ಓದಿದೋನು ಕಣೋ ನೀನು, ಒಂದು ಸರಿ ಹಿಟ್ಟು ಮಾಡಕ್ಕಾಗಲ್ವ" ಅಂದ್ರು. ಉತ್ತರ ಗೊತ್ತಿತ್ತು, ಹೇಳೋ ಧೈರ್ಯ ಇರ್ಲಿಲ್ಲ. ಮೊಳಕೇಲಿದ್ದ, ಪಿಷ್ಟದ ಸರ ಕತ್ತರಿಸಿ ಸರೀನ ತೆಳ್ಳಗೆ ಮಾಡೋ ಅಮೈಲೇಸ್ ಅನ್ನೋ ಎಂಜೈಮನ್ನ ನಾನೇ ಕೈಯಾರೆ ಸಾಯಿಸಿದ್ದೆ.

ಅವತ್ತಿಂದ ನನ್ನ ಹತ್ರ ಟ್ಯೂಷನ್‌ಗೆ ಬರೋ ಪಿಯುಸಿ ಹುಡುಗ್ರಿಗೆ ಎಂಜೈಮ್ ಪಾಠ ಬೋರ್ಡ್ ಮೇಲೆ ಮಾಡೋದು ಬಿಟ್ಟಿದೀನಿ, ರಾಗಿ, ಆಲೂಗಡ್ಡೆ, ಪರಂಗಿಕಾಯಿ ಇಟ್ಕೊಂಡು ಮಾಡ್ತೀನಿ. ಎಂಜೈಮಿನ ರಚನೆ ಅದರ ಗಟ್ಟಿತನಕ್ಕೂ ಕೆಲಸಕ್ಕೂ ಹೆಂಗೆ ಸಂಬಂಧ ಅನ್ನೋದು ಕಣ್ಣಿಗೆ ಕಾಣ್ಬೇಕು, ನಾಲಿಗೆಗೂ ಗೊತ್ತಾಗ್ಬೇಕು. ಎಲ್ಲಾ ಸೇರಿ ಒಂದು ಭಾನುವಾರದ ಕೆಲಸ, ರಾಗಿ ಮೊಳಕೆ ಮಾತ್ರ ನಾಲ್ಕು ದಿನ ಮುಂಚೆ ಶುರು ಮಾಡ್ಬೇಕು.

ಮೊದಲು ಸೀರೆ ಲೆಕ್ಕ

ಪ್ರಯೋಗಕ್ಕೆ ಮುಂಚೆ ಇದೊಂದು ತಲೇಲಿ ಇಟ್ಕೊಳಿ. ಒಂದೆರಡು ಅಪವಾದ ಬಿಟ್ರೆ ಎಂಜೈಮ್ ಅಂದ್ರೆ ಪ್ರೋಟೀನು, ಪ್ರೋಟೀನ್ ಅಂದ್ರೆ 20 ಥರದ ಅಮೈನೋ ಆಸಿಡ್ ಮಣಿಗಳನ್ನ ಪೋಣಿಸಿದ ಉದ್ದ ಸರ. ಸರವಾಗಿ ಸುಮ್ನೆ ಬಿದ್ದಿದ್ರೆ ಅದು ಯಾವ ಕೆಲಸಾನೂ ಮಾಡಲ್ಲ, ಮಡಚಿಕೊಂಡು ಒಂದು ಆಕಾರಕ್ಕೆ ಬಂದ್ಮೇಲೇ ಕೆಲಸ. ರೇಷ್ಮೆ ಸೀರೆ ನೆನೆಸ್ಕೊಳಿ, ಬಿಚ್ಚಿ ಹಾಸಿದ್ರೆ ಒಂದು ತುದಿಯ ಹೂವಿಗೂ ಇನ್ನೊಂದು ಕಡೆ ಹೂವಿಗೂ ಗಜಗಟ್ಟಲೆ ದೂರ, ಅದೇ ನೆರಿಗೆ ಹಿಡಿದ್ರೆ ಎರಡೂ ಬಂದು ಪಕ್ಕ ಪಕ್ಕ ಕೂತ್ಕೊಳ್ತವೆ. ಎಂಜೈಮಿನ ಕೆಲಸದ ಜಾಗ ಹುಟ್ಟೋದು ಹಿಂಗೇ. ಪರಂಗಿ ಹಾಲಲ್ಲಿರೋ, ಬೇರೆ ಪ್ರೋಟೀನ್ ಕತ್ತರಿಸೋ ಪಪೈನ್ ಅನ್ನೋ ಎಂಜೈಮ್ ತಗೊಳಿ, 212 ಮಣಿಗಳ ಸರ, ಕೆಲಸ ಮಾಡೋರು ಮುಖ್ಯವಾಗಿ ಇಬ್ಬರು, 25ನೇ ಮಣಿ ಸಿಸ್ಟೀನ್ ಮತ್ತೆ 159ನೇ ಮಣಿ ಹಿಸ್ಟಿಡೀನ್. ಸರದಲ್ಲಿ ನೂರಕ್ಕೂ ಹೆಚ್ಚು ಮಣಿ ದೂರ, ಮಡಿಕೇಲಿ ಒಬ್ರಿಗೊಬ್ರು ತಾಕೋಷ್ಟು ಹತ್ರ. ನೆರಿಗೆ ಬಿಚ್ಚಿಹೋದ್ರೆ ಮಣಿ ಒಂದೂ ಕಳೆದಿರಲ್ಲ, ಸರವೂ ತುಂಡಾಗಿರಲ್ಲ, ಆದ್ರೂ ಕೆಲಸ ನಿಂತ್ಹೋಗುತ್ತೆ. ನನ್ನ ಬಾಣಲೇಲಿ ಆಗಿದ್ದು ಇದೇ.

ನೆರಿಗೇನ ಹಿಡಿದಿಟ್ಟಿರೋದು ಏನಪ್ಪಾ ಅಂದ್ರೆ, ಎಣ್ಣೆ ಗುಣದ ಮಣಿಗಳು ನೀರು ಕಂಡ್ರೆ ಆಗದೆ ಒಳಗೆ ಒತ್ತೊತ್ತಾಗಿ ಸೇರ್ಕೊಳ್ಳೋದು ಒಂದು, ಅದೇ ದೊಡ್ಡದು. ಆಮೇಲೆ ಹೈಡ್ರೋಜನ್ ಬಾಂಡ್‌ಗಳು, ಪ್ಲಸ್ ಮೈನಸ್ ಚಾರ್ಜ್ ಎಳೆತ. ಕೆಲವಕ್ಕೆ ಸೇಫ್ಟಿ ಪಿನ್ ಥರ ಗಂಧಕ ಗಂಧಕ ಸೇರಿದ ಡೈಸಲ್ಫೈಡ್ ಬಾಂಡ್, ಕೆಲವಕ್ಕೆ ಗುಂಡಿ ಹಾಕಿದಂಗೆ ಕ್ಯಾಲ್ಸಿಯಮ್ಮೋ ಸತುವೋ ಇರುತ್ತೆ. ಇಷ್ಟೆಲ್ಲಾ ಇದ್ರೂ ಮಡಿಕೆ ಅಷ್ಟೇನೂ ಗಟ್ಟಿ ಅಲ್ಲ ಕಣ್ರೀ, ಮಡಚಿರೋದಕ್ಕೂ ಬಿಚ್ಚಿರೋದಕ್ಕೂ ಇರೋ ವ್ಯತ್ಯಾಸ ಸಾಮಾನ್ಯವಾಗಿ ಮೋಲ್‌ಗೆ 5ರಿಂದ 15 ಕಿಲೋಕ್ಯಾಲೋರಿ ಅಷ್ಟೇ, ಅಂದ್ರೆ ಬೆರಳೆಣಿಕೆಯ ಹೈಡ್ರೋಜನ್ ಬಾಂಡ್‌ಗಳ ಬೆಲೆ. ನೂರಾರು ಮಣಿಗಳ ದೊಡ್ಡ ಸಂಸಾರ ಇಷ್ಟು ಸಣ್ಣ ಉಳಿತಾಯದ ಮೇಲೆ ನಿಂತಿದೆ, ಸ್ವಲ್ಪ ಬಿಸಿ ಹೆಚ್ಚಾದ್ರೂ ಹುಳಿ ಹೆಚ್ಚಾದ್ರೂ ಬಿಚ್ಕೊಳ್ಳುತ್ತೆ.

ಸರ ಹೆಂಗೆ ಬೇಕೋ ಹಂಗೆ ತಿರುಚಿಕೊಳ್ಳೋಕೂ ಆಗಲ್ಲ, ಯಾವ ತಿರುವು ಸಾಧ್ಯ ಯಾವುದು ಅಸಾಧ್ಯ ಅಂತ ಲೆಕ್ಕ ಹಾಕಿ ನಕ್ಷೆ ಮಾಡಿ 1963ರಲ್ಲಿ ತೋರಿಸಿದ್ದು ಮದ್ರಾಸಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತೆ ಅವರ ಜೊತೆಯವರು. ಆಮೇಲೆ ರಾಮಚಂದ್ರನ್ ನಮ್ಮ ಬೆಂಗಳೂರಿನ ಐಐಎಸ್‌ಸಿಗೇ ಬಂದ್ರು. ಇವತ್ತಿಗೂ ಪ್ರಪಂಚದಲ್ಲಿ ಯಾರು ಪ್ರೋಟೀನ್ ರಚನೆ ಬಿಡಿಸಿದ್ರೂ ರಾಮಚಂದ್ರನ್ ಪ್ಲಾಟ್ ಹಾಕಿ ಚೆಕ್ ಮಾಡ್ತಾರೆ. ಈ ಹೆಸರು ಹೇಳ್ದೆ ಮುಂದಕ್ಕೆ ಹೋಗೋಕೆ ನನಗೆ ಮನಸ್ಸು ಬರಲ್ಲ, ಅದಕ್ಕೆ ಹೇಳ್ದೆ.

ರಾಗಿ ಪ್ರಯೋಗ

ಇದನ್ನ ನಿಧಾನಕ್ಕೆ ಮಾಡಿ, ಎಲ್ಲಕ್ಕಿಂತ ಜಾಸ್ತಿ ಕಲಿಸೋದು ಇದೇ.

ಒಂದು ಪಾವು ರಾಗಿ ರಾತ್ರಿಯಿಡೀ ನೆನೆಸಿ, ನೀರು ಬಸಿದು ತೆಳು ಬಟ್ಟೇಲಿ ಕಟ್ಟಿ ಎರಡು ದಿನ ಇಡಿ, ಬಟ್ಟೆ ಒಣಗಿದಂಗೆಲ್ಲಾ ನೀರು ಚಿಮುಕಿಸ್ತಾ ಇರಿ. ಮೊಳಕೆ ಬಂದ್ಮೇಲೆ ಮಹಡಿ ಮೇಲೆ ಹರಡಿ ಗರಿಗರಿ ಅನ್ನೋವರೆಗೂ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಪುಡಿ ಮಾಡ್ಕೊಳಿ. ಇದರ ಜೊತೆಗೇ ಒಂದು ಹಿಡಿ ಹಸಿ ಮೊಳಕೆ ತೆಗೆದಿಟ್ಟು ನನ್ನ ಥರ ಒದ್ದೆಯಾಗೇ ಬಾಣಲೇಲಿ ಹುರಿದು ಬೇರೆ ಪುಡಿ ಮಾಡಿ. ಇನ್ನೊಂದು ಹಿಡಿ ಪೂರ್ತಿ ಒಣಗಿದ್ಮೇಲೆ ಸಣ್ಣ ಉರೀಲಿ ಎರಡು ನಿಮಿಷ ಬೆಚ್ಚಗೆ ಮಾಡಿ ಪುಡಿ ಮಾಡಿ. ಮೂರು ಡಬ್ಬಿ ಆಯ್ತು, ಮೇಲೆ ಚೀಟಿ ಅಂಟಿಸಿ, ಇಲ್ಲಾಂದ್ರೆ ಯಾವುದು ಯಾವುದೋ ಆಗೋಗುತ್ತೆ, ನನಗಾಗಿದೆ.

ಈಗ ಮೊಳಕೆ ಬರಿಸದ ಮಾಮೂಲಿ ರಾಗಿ ಹಿಟ್ಟು ನಾಲ್ಕು ದೊಡ್ಡ ಚಮಚ, ಎರಡು ಲೋಟ ನೀರಿಗೆ ಗಂಟಿಲ್ಲದಂಗೆ ಕಲಸಿ ಐದಾರು ನಿಮಿಷ ಗಟ್ಟಿ ಅಂಬಲಿ ಕಾಯಿಸಿ. ಐದು ಸಣ್ಣ ಲೋಟಕ್ಕೆ ಸಮ ಸಮ ಹಂಚಿ. ಲೋಟಗಳನ್ನ ಒಂದು ಅಗಲ ಪಾತ್ರೆಯ ಬಿಸಿನೀರಲ್ಲಿ ಇಡಿ, ಬಿಸಿ ಸುಮಾರು 60 ಡಿಗ್ರಿ ಇರ್ಲಿ. ಥರ್ಮಾಮೀಟರ್ ಇಲ್ವಾ, ಕುದಿಯೋ ನೀರು ಒಂದು ಪಾಲು, ನಲ್ಲಿ ನೀರು ಒಂದು ಪಾಲು ಬೆರೆಸಿ, 60ರ ಆಸುಪಾಸು ಬರುತ್ತೆ. (ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 100ಕ್ಕಲ್ಲ, 97ರ ಹತ್ರಾನೇ ಕುದಿಯುತ್ತೆ, ನಂದಿ ಬೆಟ್ಟದ ಮೇಲೆ ಇನ್ನೂ ಎರಡು ಡಿಗ್ರಿ ಕಮ್ಮಿ. ಈ ಲೆಕ್ಕಕ್ಕೆ ಅದು ಅಡ್ಡಿ ಇಲ್ಲ.)

ಪ್ರತಿ ಪುಡೀನೂ ಎರಡು ಚಮಚ, ಅರ್ಧ ಲೋಟ ತಣ್ಣೀರಲ್ಲಿ ಕಾಲು ಗಂಟೆ ನೆನೆಸಿ ಬಟ್ಟೇಲಿ ಸೋಸಿ. ಮೊದಲನೇ ಲೋಟಕ್ಕೆ ಬಿಸಿಲಲ್ಲಿ ಒಣಗಿಸಿದ ಪುಡಿಯ ನೀರು ಎರಡು ಚಮಚ. ಎರಡನೇದಕ್ಕೆ ಒಣಗಿಸಿ ಬೆಚ್ಚಗೆ ಮಾಡಿದ್ದು. ಮೂರನೇದಕ್ಕೆ ಒದ್ದೆ ಹುರಿದಿದ್ದು. ನಾಲ್ಕನೇದಕ್ಕೆ ಮೊದಲು ಎರಡು ಚಮಚ ವಿನೆಗರ್ ಹಾಕಿ ಕಲಕಿ, ಆಮೇಲೆ ಮೊದಲನೇ ಪುಡಿಯ ನೀರು. ಐದನೇದಕ್ಕೆ ಬರೀ ನೀರು ನಾಲ್ಕು ಚಮಚ. ಈ ಐದನೇದನ್ನ ಹುಡುಗ್ರು ಯಾವಾಗ್ಲೂ ಬಿಟ್ಬಿಡ್ತಾರೆ, ಬಿಡ್ಬೇಡಿ, ನೀರು ಹಾಕಿದ್ಕೇ ತೆಳ್ಳಗಾಯ್ತು ಅಂತ ಪಕ್ಕದ್ಮನೆಯವರು ಅಂದ್ರೆ ತೋರಿಸೋಕೆ ಬೇಕಾಗುತ್ತೆ.

ಇಪ್ಪತ್ತು ನಿಮಿಷ ಬಿಟ್ಟು ಚಮಚದಲ್ಲಿ ಎತ್ತಿ ಸುರೀರಿ. ಒಂದು ಮತ್ತೆ ಎರಡು ಮಜ್ಜಿಗೆ ಥರ ಹರಿಯುತ್ತೆ. ಮೂರು, ನಾಲ್ಕು, ಐದು ಗಟ್ಟಿಗೇ ಇರುತ್ತೆ.

ಎರಡನೇ ಲೋಟಕ್ಕೂ ಮೂರನೇದಕ್ಕೂ ಇರೋ ವ್ಯತ್ಯಾಸ ನೋಡಿ, ಎರಡೂ ಬಾಣಲೆ ಕಂಡಿದ್ದೇ. ಮಡಿಕೆ ಬಿಚ್ಕೋಬೇಕಾದ್ರೆ ಸರದ ತುಣುಕುಗಳು ಅಲುಗಾಡ್ಬೇಕು, ಅಲುಗಾಡೋಕೆ ಸುತ್ತ ನೀರು ಬೇಕು, ಒಳಗಿನ ಎಣ್ಣೆ ಗುಣದ ಭಾಗ ಹೊರಗೆ ಬಂದ್ಮೇಲೆ ಒಂದರ ಸರ ಇನ್ನೊಂದಕ್ಕೆ ಸಿಕ್ಕಾಕ್ಕೊಳ್ಳೋಕೂ ನೀರೇ ದಾರಿ. ನೀರು ತೆಗೆದ್ರೆ ಎಂಜೈಮ್ ಇದ್ದ ಆಕಾರದಲ್ಲೇ ಬಿಗಿದು ಕೂತಿರುತ್ತೆ, ಸುಮಾರಷ್ಟು ಬಿಸಿ ತಡ್ಕೊಳ್ಳುತ್ತೆ. ಅದಕ್ಕೇ ನಮ್ಮಮ್ಮ ಎರಡು ದಿನ ಒಣಗಿಸಿ ಆಮೇಲೆ ಬಾಣಲೆಗೆ ತೋರಿಸೋದು, ಬಟ್ಟೆ ಒಗೆಯೋ ಪೌಡರಲ್ಲಿರೋ ಎಂಜೈಮು ಡಬ್ಬೀಲಿ ತಿಂಗಳುಗಟ್ಟಲೆ ಬದುಕೋದೂ ಅದಕ್ಕೇ. ಹಂಗಂತ ಒಣಗಿದ್ದನ್ನ ಕಪ್ಪಾಗೋ ಹಂಗೆ ಹುರಿದ್ರೆ ಅದೂ ಸಾಯುತ್ತೆ, ಹೇಳ್ಬಿಟ್ಟಿದೀನಿ.

ನಾಲ್ಕನೇ ಲೋಟದ್ದು ಬೇರೆ ಕಥೆ. ಹುಳಿಯಲ್ಲಿ ಹೈಡ್ರೋಜನ್ ಅಯಾನ್‌ಗಳು ಮೈನಸ್ ಚಾರ್ಜ್ ಇರೋ ಮಣಿಗಳ ಮೇಲೆ ಹೋಗಿ ಕೂತು ಚಾರ್ಜ್ ಅಳಿಸಿಬಿಡ್ತವೆ, ಎಳೆದು ಹಿಡಿದಿದ್ದ ಕೈ ಬಿಟ್ಟಂಗಾಗುತ್ತೆ, ಕೆಲಸದ ಜಾಗದಲ್ಲಿರೋ ಆಮ್ಲದ ಮಣಿಗಳೂ ಅವಸ್ಥೆ ಬದಲಾಯಿಸ್ತವೆ. ಹೊಟ್ಟೇಲಿರೋ ಪೆಪ್ಸಿನ್‌ಗೆ ಅದೇ ಹುಳಿ, ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 2ರ ಹತ್ರ, ತವರುಮನೆ ಇದ್ದಂಗೆ, ಕರುಳಿನ ಟ್ರಿಪ್ಸಿನ್‌ಗೆ ಪಿಎಚ್ 8 ಬೇಕು. ಯಾವ ಮಣಿ ಮೇಲ್ಮೈಗೆ ಬಂದಿದೆ ಅನ್ನೋದರ ಮೇಲೆ ಎಂಜೈಮಿಗೆ ಯಾವ ಊರು ಆಗಿಬರುತ್ತೆ ಅನ್ನೋದು ನಿಂತಿರುತ್ತೆ.

ಪಿಷ್ಟ ಇದ್ರೆ ನೀಲಿ ಬಣ್ಣ ತೋರಿಸೋ ಅಯೋಡಿನ್ ಟೆಸ್ಟ್ ಮಾಡೋರಿಗೆ ಎರಡು ಮಾತು. ರಾಗಿ ಅಂಬಲಿ ಮೊದಲೇ ಕಂದು, ಅದರಲ್ಲಿ ನೀಲಿ ಕಾಣಲ್ಲ, ಅಕ್ಕಿ ಗಂಜಿ ತಿಳಿ ತಗೊಂಡು ಅದಕ್ಕೆ ರಾಗಿ ಮೊಳಕೆ ನೀರು ಹಾಕಿ ನೋಡಿ, ತಣ್ಣಗಾದ್ಮೇಲೇ ಅಯೋಡಿನ್ ತೊಟ್ಟು ಹಾಕಿ, ಬಿಸೀಲಿ ನೀಲಿ ಬಣ್ಣ ಮಾಯ ಆಗುತ್ತೆ. ಇನ್ನೊಂದು, ವಿನೆಗರ್ ಬದಲು ನಿಂಬೆಹಣ್ಣು ಹಿಂಡ್ಬೇಡಿ. ನಿಂಬೇಲಿರೋ ವಿಟಮಿನ್ ಸಿ ಅಯೋಡಿನ್ ಬಣ್ಣಾನೇ ತಿಂದುಹಾಕುತ್ತೆ, ಪಿಷ್ಟ ಪೂರ್ತಿ ಕರಗಿಹೋಯ್ತು ಅಂತ ನೀವು ಖುಷಿ ಪಡ್ತೀರ, ಆಗಿರೋದು ಏನೂ ಇಲ್ಲ. ಒಂದು ಇಡೀ ಬ್ಯಾಚ್ ಹುಡುಗ್ರ ಮುಂದೆ ನಾನು ಹಿಂಗೆ ಮುಖಭಂಗ ಮಾಡ್ಕೊಂಡಿದೀನಿ.

ತೆಳು ಬೇರೆ, ಸಿಹಿ ಬೇರೆ

ಮೊಳಕೇಲಿ ಇರೋ ಅಮೈಲೇಸ್ ಒಂದಲ್ಲ, ಎರಡು. ಆಲ್ಫಾ, ಬೀಟಾ. ಎರಡೂ ತಿನ್ನೋದು ಅದೇ ಪಿಷ್ಟಾನ, ಆದ್ರೆ ಬಾಯಿ ಬೇರೆ ಬೇರೆ. ಆಲ್ಫಾದ ಕೆಲಸದ ಜಾಗ ಮೈಮೇಲೆ ಹಾದುಹೋಗೋ ಒಂದು ತೆರೆದ ಕಾಲುವೆ ಇದ್ದಂಗೆ, ಪಿಷ್ಟದ ಸರ ಎಲ್ಲಿ ಬೇಕಾದ್ರೂ ಅದರಲ್ಲಿ ಮಲಗ್ಬೋದು, ನಡುವಲ್ಲೇ ಕತ್ತರಿಸುತ್ತೆ. ಬೀಟಾದ್ದು ಗುಳಿ, ಒಂದು ಕಡೆ ಮುಚ್ಚಿರೋ ಜೇಬು, ಅದಕ್ಕೆ ಸರದ ತುದಿ ಮಾತ್ರ ತೂರುತ್ತೆ, ತುದಿಯಿಂದ ಎರಡೆರಡು ಸಕ್ಕರೆ ಮಣಿ ಕಿತ್ತು ಮಾಲ್ಟೋಸ್ ಮಾಡ್ತಾ ಹೋಗುತ್ತೆ.

ನಮ್ಮೂರಲ್ಲಿ ಇದನ್ನ ಅರ್ಥ ಮಾಡ್ಸೋದು ಸುಲಭ. ರೇಷ್ಮೆ ನೂಲು ತೆಗೆಯೋ ರೀಲರ್ ಮನೆಗೆ ಹೋಗಿ ನೋಡಿ, ಗೂಡು ಬಿಸಿನೀರಲ್ಲಿ ಬೆಂದ್ಮೇಲೆ ತುದಿ ಹುಡುಕಿ ಎಳೀತಾರೆ, ನೂರಾರು ಮೀಟರ್ ಒಂದೇ ಎಳೆ ತುದಿಯಿಂದ ಬಿಚ್ತಾ ಬರುತ್ತೆ. ಅದು ಬೀಟಾ ಕೆಲಸ. ಅದೇ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದ ಗೂಡು ಕೈಗೆ ಸಿಕ್ಕಿದ್ರೆ ಎಳೆ ಹತ್ತಾರು ಕಡೆ ನಡುವಲ್ಲೇ ತುಂಡಾಗಿರುತ್ತೆ. ಅದು ಆಲ್ಫಾ ಕೆಲಸ. ಅಂಬಲಿ ಗಟ್ಟಿ ಇರೋದು ಉದ್ದ ಸರಗಳು ಒಂದಕ್ಕೊಂದು ತೊಡರಿಕೊಂಡಿರೋದ್ರಿಂದ, ನಡುವೆ ನಾಲ್ಕು ಕಡೆ ಕತ್ತರಿಸಿದ್ರೆ ಸಾಕು ನೀರಾಗುತ್ತೆ, ಹಂಗಾಗಿ ತೆಳುವಾಗೋದು ಆಲ್ಫಾದಿಂದ. ಸಿಹಿ ಹೆಚ್ಚಾಗಿ ಬೀಟಾದಿಂದ.

ಇವೆರಡರ ಗಟ್ಟಿತನಾನೂ ಬೇರೆ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಮಾಡೋರಿಗೆ ಇದು ನೂರಾರು ವರ್ಷದಿಂದ ಕೈಯಲ್ಲೇ ಗೊತ್ತು, ಬೀಟಾ 60ರಿಂದ 65 ಡಿಗ್ರೀಲಿ ಚೆನ್ನಾಗಿ ಓಡುತ್ತೆ, ಅದಕ್ಕಿಂತ ಮೇಲೆ ಬೇಗ ಸಾಯುತ್ತೆ, ಆಲ್ಫಾ 70ರಲ್ಲೂ ಜಗ್ಗಲ್ಲ. ಆಲ್ಫಾ ಒಳಗೆ ಕ್ಯಾಲ್ಸಿಯಂ ಅಯಾನ್ ಗುಂಡಿ ಹಾಕಿದಂಗೆ ಮಡಿಕೇನ ಹಿಡಿದಿರುತ್ತೆ, ಆ ಗುಂಡಿ ಕಿತ್ರೆ ಕಮ್ಮಿ ಬಿಸೀಲೇ ಬಿಚ್ಕೊಳ್ಳುತ್ತೆ. ರಾಗೀಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಎಲ್ಲರೂ ಹೇಳೋದಕ್ಕೂ ಇದಕ್ಕೂ ಗಂಟು ಹಾಕ್ಬೇಡಿ, ನಮ್ಮ ಎಂಜಲಲ್ಲಿರೋ ಅಮೈಲೇಸಲ್ಲೂ ಕ್ಯಾಲ್ಸಿಯಂ ಇದೆ. ರಕ್ತದಲ್ಲಿ ಅಮೈಲೇಸ್ ನೋಡ್ಬೇಕು ಅಂದಾಗ ಲ್ಯಾಬ್‌ನವರು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಲ್ಲಿ ರಕ್ತ ತಗೊಳಲ್ಲ, ಇಡಿಟಿಎ ಕ್ಯಾಲ್ಸಿಯಂ ಕಿತ್ಕೊಳ್ಳುತ್ತೆ ಅನ್ನೋದೇ ಕಾರಣ.

ಮನೇಲಿ ಮಾಡೋದಾದ್ರೆ ಎರಡು ಲೋಟ ಅಂಬಲಿ, ಒಂದೇ ಅಳತೆ ಮೊಳಕೆ ನೀರು. ಒಂದನ್ನ ಮುಂಚಿನ ಥರ 60ರ ನೀರಲ್ಲಿ ಇಡಿ, ಇನ್ನೊಂದನ್ನ ಕುದಿಯೋ ನೀರು ಎರಡು ಪಾಲಿಗೆ ನಲ್ಲಿ ನೀರು ಒಂದು ಪಾಲು ಬೆರೆಸಿದ ಪಾತ್ರೇಲಿ ಇಡಿ, ಅದು 72, 73 ಇರುತ್ತೆ. ಮುಚ್ಚಳ ಮುಚ್ಚಿ, ಆಗಾಗ ಬಿಸಿನೀರು ಸೇರಿಸ್ತಾ ಮುಕ್ಕಾಲು ಗಂಟೆ. ಎರಡೂ ತೆಳ್ಳಗಾಗುತ್ತೆ, ತಣ್ಣಗೆ ಮಾಡಿ ಕುಡಿದು ನೋಡಿದ್ರೆ 60ರದ್ದು ಸಿಹಿ. ಬಾರ್ಲಿಯಷ್ಟು ಎದ್ದು ಕಾಣಲ್ಲ, ಆದ್ರೆ ಕಣ್ಣು ಕಟ್ಟಿ ಕುಡಿಸಿದಾಗ ನನ್ನ ಹತ್ರ ಬರೋ ಹುಡುಗ್ರಲ್ಲಿ ಮುಕ್ಕಾಲು ಪಾಲು ಸರಿಯಾಗೇ ಹೇಳಿದ್ರು. ಇದೇ ಮಾಲ್ಟಿಂದಾನೇ 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತೆ ಪರ್ಸೋ ಅನ್ನೋರು ಆಲ್ಕೋಹಾಲ್ ಹಾಕಿ ಒಂದು ಬಿಳಿ ಪುಡಿ ಇಳಿಸಿ ಅದಕ್ಕೆ ಡಯಾಸ್ಟೇಸ್ ಅಂತ ಹೆಸರಿಟ್ಟಿದ್ದು, ಎಂಜೈಮ್ ಅನ್ನೋ ಪದ ಹುಟ್ಟೋಕೂ ಮುಂಚೆ. ಅದು ಪ್ರೋಟೀನು ಅಂತ ಜನ ಒಪ್ಕೊಳ್ಳೋಕೆ ಇನ್ನೂ ನೂರು ವರ್ಷ ಬೇಕಾಯ್ತು, 1926ರಲ್ಲಿ ಸಮ್ನರ್ ಒಂದು ಜಾತಿ ಅವರೆ ಬೀಜದಿಂದ ಯೂರಿಯೇಸ್ ಅನ್ನೋ ಎಂಜೈಮಿನ ಹರಳು ಮಾಡಿ ತೋರಿಸಿದ್ರೂ ನಂಬಿದೋರು ಕಮ್ಮಿ.

ಆಲೂಗಡ್ಡೆ, ಬೇಗ ಮುಗಿಸ್ತೀನಿ

ಮೆಡಿಕಲ್ ಶಾಪಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೇಳಿ, 20 ವಾಲ್ಯೂಮ್ ಅಂತಿದ್ರೆ ಅದು 6 ಪರ್ಸೆಂಟು, ಅಷ್ಟೇ ನೀರು ಬೆರೆಸಿ. ಕಣ್ಣಿಗೆ ಸಿಡಿಸ್ಕೋಬೇಡಿ, ಬಾಟಲ್ ಒಳಗೆ ಆಲೂಗಡ್ಡೆ ಹಾಕಿ ಮುಚ್ಚಳ ಬಿಗೀಬೇಡಿ, ಗ್ಯಾಸ್ ಬರುತ್ತೆ, ಬಾಟಲ್ ಸಿಡಿಯುತ್ತೆ. ಹಸಿ ಆಲೂಗಡ್ಡೆ ತುರಿ, ಬೇಯಿಸಿದ್ದು, ಫ್ರೀಜರಲ್ಲಿ ರಾತ್ರಿ ಇಟ್ಟು ಕರಗಿಸಿದ್ದು, ಮೂರಕ್ಕೂ ಒಂದೊಂದು ಚಮಚ ಪೆರಾಕ್ಸೈಡ್. ಹಸಿ ಬುಸ್ಸಂತ ನೊರೆ ಬರುತ್ತೆ, ಬೆಂದಿದ್ದು ಸುಮ್ನೆ ಕೂತಿರುತ್ತೆ, ಫ್ರೀಜರಿಂದ ಬಂದಿದ್ದೂ ನೊರೆ ಬರುತ್ತೆ. ಚಳಿಯಲ್ಲಿ ಎಂಜೈಮ್ ನಿಧಾನ ಆಗುತ್ತೆ ಅಷ್ಟೇ, ಮಡಿಕೆ ಹೆಚ್ಚುಕಮ್ಮಿ ಹಂಗೇ ಇರುತ್ತೆ. ಫ್ರಿಜ್ಜಲ್ಲಿ ಇಟ್ರೂ ತರಕಾರಿ ನಿಧಾನಕ್ಕೆ ಕೆಡೋದು ಇದಕ್ಕೂ ಒಂದಿಷ್ಟು.

ಇಲ್ಲಿರೋ ಎಂಜೈಮ್ ಕ್ಯಾಟಲೇಸ್. ನಾಲ್ಕು ಸರ ಸೇರಿ ಒಂದು, ಪ್ರತಿಯೊಂದರ ಹೊಟ್ಟೆ ಒಳಗೆ ಕಬ್ಬಿಣ ಇರೋ ಹೀಮ್. ಆ ಹೀಮ್ ಹತ್ರ ಹೋಗೋಕೆ ಉದ್ದ ಇಕ್ಕಟ್ಟಾದ ಸುರಂಗ ಒಂದೇ ದಾರಿ, ಪೆರಾಕ್ಸೈಡಿನಂಥ ಸಣ್ಣದು ಸಲೀಸಾಗಿ ಹೋಗುತ್ತೆ, ದೊಡ್ಡದು ಬಾಗಿಲಲ್ಲೇ ನಿಲ್ಲುತ್ತೆ. ಹಂಗಿದ್ದೂ ಸೆಕೆಂಡಿಗೆ ಲಕ್ಷಗಟ್ಟಲೆ ಅಣುಗಳನ್ನ ಒಡೆದುಹಾಕುತ್ತೆ, ಎಂಜೈಮುಗಳಲ್ಲೇ ಅತಿ ವೇಗದ್ದರಲ್ಲಿ ಇದೂ ಒಂದು.

ಪರಂಗಿಕಾಯಿ: ಆಕಾರ ಸರಿ ಇದ್ರೂ ಕೆಲಸ ಇಲ್ಲ

ಎಳೆ ಪರಂಗಿಕಾಯಿ ಗೀರಿದ್ರೆ ಬರೋ ಹಾಲು ನಾಲ್ಕೈದು ತೊಟ್ಟು, ಉಗುರುಬೆಚ್ಚಗಿರೋ ಅರ್ಧ ಲೋಟ ಹಾಲಿಗೆ ಹಾಕಿ ಕಲಕಿ. ಕೈಗೆ ಎಣ್ಣೆ ಹಚ್ಕೊಂಡು ಮಾಡಿ, ಚರ್ಮಕ್ಕೆ ತಾಗಿದ್ರೆ ಉರಿಯುತ್ತೆ. ನಿಮಿಷಗಳಲ್ಲಿ ಹಾಲು ಒಡೆಯುತ್ತೆ. ಪರಂಗಿ ಹಾಲನ್ನ ಮುಂಚೆ ನೀರಲ್ಲಿ ಬೆರೆಸಿ ಚೆನ್ನಾಗಿ ಕುದಿಸಿ ಹಾಕಿದ್ರೆ ಒಡೆಯಲ್ಲ. ಕೆಲವರು ಜೆಲ್ಲಿ ಕರಗಿಸೋ ಪ್ರಯೋಗ ಮಾಡ್ತಾರೆ, ಮಾಡಿ, ಆದ್ರೆ ಚೈನಾ ಗ್ರಾಸ್ ಜೆಲ್ಲೀಲಿ ಮಾಡಿ ಆಗ್ಲಿಲ್ಲ ಅಂತ ಬರ್ಬೇಡಿ, ಅದು ಪ್ರೋಟೀನೇ ಅಲ್ಲ, ಪಪೈನ್ ಅದನ್ನ ಮುಟ್ಟೋದೂ ಇಲ್ಲ.

ಪಪೈನ್ ಗಟ್ಟಿ ಪಿಂಡ. ಮೂರು ಸೇಫ್ಟಿ ಪಿನ್, ಎರಡು ಉಂಡೆ ಒಂದಕ್ಕೊಂದು ಒತ್ಕೊಂಡಿರೋ ಆಕಾರ, ಆ ಉಂಡೆಗಳ ನಡುವಿನ ಸಂದೀಲಿ ಕೆಲಸ. 60 ಡಿಗ್ರೀಲೂ ಆರಾಮಾಗಿ ಓಡುತ್ತೆ. ಮಟನ್‌ಗೆ ಪರಂಗಿಕಾಯಿ ಅರೆದು ಹಾಕ್ತಾರಲ್ಲ, ಮೆತ್ತಗಾಗೋದು ನೆನೆಸಿಟ್ಟಾಗ ಅಂತ ಎಲ್ಲರ ನಂಬಿಕೆ, ನಿಜವಾಗ್ಲೂ ಹೆಚ್ಚು ಕೆಲಸ ಆಗೋದು ಒಲೆ ಮೇಲಿಟ್ಟು ಪಾತ್ರೆ ಬಿಸಿ ಏರ್ತಾ ಇರೋವಾಗ. ರಾತ್ರಿಯೆಲ್ಲಾ ನೆನೆಸಿಟ್ರೆ ಮೇಲಿನ ಭಾಗ ಹಿಟ್ಟು ಹಿಟ್ಟಾಗುತ್ತೆ, ಒಳಗೆ ಹಂಗೇ ಇರುತ್ತೆ. ಅರ್ಧ ಗಂಟೆ ಸಾಕು, ಸಣ್ಣ ಉರೀಲಿ ಶುರು ಮಾಡಿ.

ಈಗ ಅದೇ ಪರಂಗಿ ಹಾಲನ್ನ ತಟ್ಟೇಲಿ ತೆಳ್ಳಗೆ ಹರಡಿ ಬಿಸಿಲಲ್ಲಿ ನಾಲ್ಕೈದು ದಿನ ಬಿಟ್ಟು ನೋಡಿ, ಶಕ್ತಿ ಇಳಿದಿರುತ್ತೆ, ಹಾಲು ಒಡೆಯೋಕೆ ಜಾಸ್ತಿ ಹೊತ್ತು ತಗೊಳ್ಳುತ್ತೆ. ಗಾಳಿಯ ಆಕ್ಸಿಜನ್ ಆ 25ನೇ ಸಿಸ್ಟೀನಿನ ಗಂಧಕವನ್ನ ಕೆಡಿಸುತ್ತೆ. ನೆರಿಗೆ ಚೆಂದಾಗಿ ನಿಂತಿರುತ್ತೆ, ಒಂದೇ ಒಂದು ಮಣಿ ಹಾಳಾಗಿರುತ್ತೆ, ಕೆಲಸ ನಿಂತಿರುತ್ತೆ. ಪಪೈನ್ ತಯಾರು ಮಾಡೋರು ಸಲ್ಫೈಟ್ ಬೆರೆಸೋದು ಇದನ್ನ ತಡೆಯೋಕೆ. ಪರೀಕ್ಷೇಲಿ ಎಂಜೈಮ್ ಕೆಲಸ ನಿಲ್ಲಿಸಿದೆ ಅಂದ ತಕ್ಷಣ ಹುಡುಗ್ರು ಡಿನೇಚರೇಷನ್, ಅಂದ್ರೆ ಮಡಿಕೆ ಬಿಚ್ಚಿಹೋಗಿದೆ, ಅಂತ ಬರೆದು ಬರ್ತಾರೆ, ಇದು ಡಿನೇಚರೇಷನ್ ಅಲ್ಲ. ಟೊಮೇಟೊ ತೋಟಕ್ಕೆ ಹೊಡೆಯೋ ಆರ್ಗನೋಫಾಸ್ಫೇಟ್ ಔಷಧಿ ಮನುಷ್ಯಂಗೆ ಅಪಾಯ ಆಗೋದೂ ಇದೇ ದಾರೀಲಿ, ನರಗಳ ಸಂದೀಲಿರೋ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅನ್ನೋ ಎಂಜೈಮಿನ ಕೆಲಸದ ಜಾಗದ ಒಂದು ಸೀರೀನ್ ಮಣಿಗೆ ಹೋಗಿ ಅಂಟ್ಕೊಂಡುಬಿಡುತ್ತೆ. ಮಾಸ್ಕ್ ಹಾಕ್ಕೊಂಡು, ಗಾಳಿ ನೋಡ್ಕೊಂಡು ಹೊಡೀರಣ್ಣ, ದಮ್ಮಯ್ಯ.

ಬಿಚ್ಚಿದ್ದು ಮತ್ತೆ ಮಡಚುತ್ತಾ

ಎಲ್ಲಾ ಬ್ಯಾಚಲ್ಲೂ ಒಬ್ಬರಾದ್ರೂ ಕೇಳ್ತಾರೆ, ಸರ್ ಬೆಂದ ಆಲೂಗಡ್ಡೆ ತಣ್ಣಗಾದ್ಮೇಲೆ ಎಂಜೈಮ್ ವಾಪಸ್ ಬರಲ್ವಾ ಅಂತ. ಒಳ್ಳೆ ಪ್ರಶ್ನೆ. ಅಮೆರಿಕದ ಆನ್ಫಿನ್ಸನ್ ರೈಬೋನ್ಯೂಕ್ಲಿಯೇಸ್ ಅನ್ನೋ 124 ಮಣಿಯ ಎಂಜೈಮ್ ತಗೊಂಡು, ಯೂರಿಯಾ ಹಾಕಿ ಬಿಚ್ಚಿ, ಅದರ ನಾಲ್ಕು ಡೈಸಲ್ಫೈಡ್ ಪಿನ್ನೂ ಕಿತ್ತು, ಆಮೇಲೆ ಯೂರಿಯಾನೂ ಪಿನ್ ಕಿತ್ತ ಕೆಮಿಕಲ್ಲೂ ತೆಗೆದು ಗಾಳಿಗೆ ಬಿಟ್ರೆ, ಅದು ತಾನಾಗೇ ಮಡಚಿ, ಸರಿಯಾದ ಜಾಗದಲ್ಲೇ ಪಿನ್ ಹಾಕ್ಕೊಂಡು ಕೆಲಸಕ್ಕೆ ಬಂತು. ಹೆಂಗೆ ಮಡಚ್ಬೇಕು ಅನ್ನೋದು ಮಣಿಗಳ ಸಾಲಲ್ಲೇ ಬರೆದಿದೆ ಅಂತ ಆಯ್ತು, 1972ರಲ್ಲಿ ನೊಬೆಲ್ ಬಂತು. ಈ ರೈಬೋನ್ಯೂಕ್ಲಿಯೇಸ್ ಎಷ್ಟು ಗಟ್ಟಿ ಪಿಂಡ ಅಂದ್ರೆ, ನಾವು ಎಂ.ಎಸ್ಸಿ ಲ್ಯಾಬಲ್ಲಿ ಅದನ್ನ ಬಳಸೋ ಮುಂಚೆ ಹತ್ತು ಹದಿನೈದು ನಿಮಿಷ ಕುದಿಸ್ತಿದ್ವಿ, ಜೊತೇಲಿ ಸೇರಿರೋ ಡಿಎನ್‌ಎ ಕತ್ತರಿಸೋ ಎಂಜೈಮ್ ಸಾಯ್ಲಿ, ಇದು ಬದುಕ್ಲಿ ಅಂತ. ಬದುಕ್ತಿತ್ತು.

ಆಲೂಗಡ್ಡೇಲಿ ಹಂಗಾಗಲ್ಲ. ಅಲ್ಲಿ ಪ್ರೋಟೀನು ಒತ್ತೊತ್ತಾಗಿವೆ, ಬಿಚ್ಕೊಂಡ ಸರಗಳು ಒಂದಕ್ಕೊಂದು ಗೋಜಲಾಗಿ ಗಂಟು ಬೀಳ್ತವೆ. ಹಸು ಕರು ಹಾಕಿದಾಗ ಮೊದಲ ಹಾಲಲ್ಲಿ ಗಿಣ್ಣು ಮಾಡ್ತೀವಲ್ಲ, ಬಿಸಿ ಮಾಡಿದ್ರೆ ಗಟ್ಟಿಯಾಗುತ್ತೆ, ತಣ್ಣಗಾದ್ರೆ ಮತ್ತೆ ಹಾಲಾಗಲ್ಲ. ಅದೇ.

ಹಾಲು ಅಂದ್ಮೇಲೆ ಒಂದು ಮಾತು. ಡೇರೀಲಿ ಹಾಲನ್ನ 72 ಡಿಗ್ರಿಗೆ 15 ಸೆಕೆಂಡ್ ಕಾಯಿಸ್ತಾರೆ. ಸರಿಯಾಗಿ ಕಾದಿದ್ಯಾ ಇಲ್ವಾ ಅಂತ ರೋಗಾಣು ಹುಡುಕ್ತಾ ಕೂರೋಕಾಗಲ್ಲ, ಹಾಲಲ್ಲಿ ಹುಟ್ಟಾ ಇರೋ ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಎಂಜೈಮ್ ಸತ್ತಿದ್ಯಾ ಅಂತ ನೋಡ್ತಾರೆ. ಅದರ ಮಡಿಕೆ ಬಿಚ್ಚೋಕೆ ಬೇಕಾದ ಬಿಸಿ, ಹಾಲಲ್ಲಿ ಬರೋ ರೋಗಾಣು ಸಾಯೋಕೆ ಬೇಕಾದ್ದಕ್ಕಿಂತ ಒಂಚೂರು ಜಾಸ್ತಿ. ಬಣ್ಣ ಬರೋ ಕೆಮಿಕಲ್ ಹಾಕಿದಾಗ ಹಳದಿ ಆದ್ರೆ ಎಂಜೈಮ್ ಬದುಕಿದೆ, ಕಾಯಿಸಿದ್ದು ಸಾಲ್ದು.

ಇದರ ಉಲ್ಟಾ ತುದೀಲಿ, ಡಿಎನ್‌ಎ ನಕಲು ಮಾಡೋ ಟಾಕ್ ಪಾಲಿಮರೇಸ್ ಅನ್ನೋ ಎಂಜೈಮ್. 2020ರಲ್ಲಿ ನಮ್ಮ ಮೂಗಿಗೆಲ್ಲಾ ಕಡ್ಡಿ ಹಾಕಿ ಆರ್‌ಟಿಪಿಸಿಆರ್ ಅಂತ ಕಳಿಸ್ತಿದ್ರಲ್ಲ, ಆ ಪಿಸಿಆರ್ ಮೆಷೀನು ಪ್ರತಿ ಸುತ್ತಲ್ಲೂ 95 ಡಿಗ್ರಿಗೆ ಹೋಗಿ ಬರುತ್ತೆ. ತಡ್ಕೊಂಡು ಕೆಲಸ ಮಾಡೋದು ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೇಲಿ ಸಿಕ್ಕ ಬ್ಯಾಕ್ಟೀರಿಯಾದ ಎಂಜೈಮು. ಅದರ ಆಕಾರ ನಮ್ಮ ಕರುಳಲ್ಲಿರೋ ಇ. ಕೋಲೈ ಎಂಜೈಮಿನ ಆಕಾರಕ್ಕೆ ಅಣ್ಣತಮ್ಮ ಇದ್ದಂಗೇ ಇದೆ, ಒಳಗೆ ಇನ್ನೊಂಚೂರು ಒತ್ತು, ಮೇಲೆ ಇನ್ನೊಂದಷ್ಟು ಚಾರ್ಜ್ ಜೋಡಿ, ಅಷ್ಟರಲ್ಲೇ ಇಷ್ಟು ವ್ಯತ್ಯಾಸ. ಹಂಗಾದ್ರೆ ಎಲ್ಲಾ ಎಂಜೈಮೂ ಯಾಕೆ ಹಂಗೆ ಗಟ್ಟಿಯಾಗಿಲ್ಲ ಅಂದ್ರೆ, ಕೆಲಸ ಮಾಡೋಕೆ ಬಾಗ್ಬೇಕು, ಬಳುಕ್ಬೇಕು. ಬೀಗಕ್ಕೆ ಕೀ ಇದ್ದಂಗೆ ಅಂತ 1894ರಲ್ಲಿ ಫಿಷರ್ ಹೇಳಿದ್ದು ಅರ್ಧ ಸರಿ, 1958ರಲ್ಲಿ ಕೋಶ್ಲಂಡ್ ಅದನ್ನ ತಿದ್ದಿ ಎಂಜೈಮು ಕೈಗೆ ಸಿಕ್ಕ ವಸ್ತುವಿಗೆ ತಕ್ಕಂಗೆ ಮುಷ್ಟಿ ಬಿಗಿಯುತ್ತೆ ಅಂದ್ರು, ಗ್ಲೂಕೋಸ್ ಬಂದು ಕೂತ್ರೆ ಹೆಕ್ಸೋಕೈನೇಸ್ ಅನ್ನೋ ಎಂಜೈಮ್ ನಿಜಕ್ಕೂ ಬಾಯಿ ಮುಚ್ಕೊಳ್ಳುತ್ತೆ. ತೀರಾ ಬಿಗಿಯಾಗಿದ್ರೆ ನಮ್ಮ ಮೈ ಬಿಸೀಲಿ ಮುಷ್ಟಿ ಬಿಗಿಯೋಕೇ ಆಗಲ್ಲ, ಟಾಕ್ ಕೂಡ 37 ಡಿಗ್ರೀಲಿ ಸೋಮಾರಿ.

ಇನ್ನು ಗೋಂದಾದ ಹಿಟ್ಟು

ನಿಮ್ಮ ಮನೇಲೂ ಹಿಂಗೆ ಒದ್ದೆ ಹುರಿದ ಹಿಟ್ಟು ಉಳಿದಿದ್ರೆ ಬಿಸಾಕ್ಬೇಡಿ, ಪಿಷ್ಟ ಎಲ್ಲೂ ಹೋಗಿಲ್ಲ, ಕತ್ತರಿ ಮಾತ್ರ ಇಲ್ಲ. ಸರಿ ಕಾಯಿಸಿ, ಕೆಳಗಿಳಿಸಿ, ಬೆರಳು ಅದ್ದಿದ ತಕ್ಷಣ ಎಳ್ಕೊಳ್ಳೋಷ್ಟು ಬಿಸಿ ಇರೋವಾಗ, ಬಿಸಿಲಲ್ಲಿ ಒಣಗಿಸಿದ ಮೊಳಕೆ ಪುಡಿ ಒಂದು ಚಮಚ ತಣ್ಣೀರಲ್ಲಿ ಕಲಸಿ ಹಾಕಿ, ಮುಚ್ಚಿಡಿ. ಕುದೀತಾ ಇರೋದಕ್ಕೆ ಹಾಕಿದ್ರೆ ಹಾಕಿದ್ದು ದಂಡ. ಹತ್ತು ನಿಮಿಷಕ್ಕೆ ಹರಿಯೋಕೆ ಶುರುವಾಗುತ್ತೆ. ಮಗೂಗೆ ಕೊಡೋದಾದ್ರೆ ಆಮೇಲೆ ಇನ್ನೊಂದ್ಸಲ ಚೆನ್ನಾಗಿ ಕುದಿಸ್ಲೇಬೇಕು, ಮೊಳಕೆ ಪುಡಿ ಬೇಯಿಸಿಲ್ಲದ್ದು, ಅದರಲ್ಲಿ ಕ್ರಿಮಿ ಇರ್ಬೋದು, ಕುದಿಸಿದ್ರೆ ಎಂಜೈಮೂ ಅಲ್ಲಿಗೆ ನಿಲ್ಲುತ್ತೆ, ಸರಿ ಪೂರ್ತಿ ನೀರಾಗಲ್ಲ. ನಾನು ಹಿಂಗೆ ಮಾಡಿ ಅಮ್ಮಂಗೆ ತೋರಿಸ್ದೆ. ಅಮ್ಮ ಚಮಚ ಎತ್ತಿ ಸುರಿದು ನೋಡಿ, "ಮೊದ್ಲೇ ಒಣಗಿಸಿದ್ರೆ ಇಷ್ಟು ಒದ್ದಾಟ ಇತ್ತೇನೋ" ಅಂದು ಬಟ್ಟಲು ತಗೊಂಡು ಮಗು ಹತ್ರ ಹೋದ್ರು.